ಕುಣಿಯುವವಳಿಗೆ ಉಡಿ ತುಂಬಿದ್ದು

ಗುಂಡಾ, ಚಿನ್ನೂ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಮೊನ್ನೆ ಟಿ.ವಿ.ಯಲ್ಲಿ ಒಂದು ಕುಣಿತ ಬಂತು. ಬೂದಿ ಬಣ್ಣದ ಬಟ್ಟೆ ಸುತ್ತಿಕೊಂಡವರು ನೆಲದ ಮೇಲೆ ಹೊರಳುತ್ತಿದ್ದರು. ಒಬ್ಬಳು ಗೋಡೆಗೆ ಹಣೆ ಹಚ್ಚಿ ಸುಮ್ಮನೆ ನಿಂತಿದ್ದಳು. ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. ಇವರಿಗೆಲ್ಲ ಹೊಟ್ಟೆನೋವು ಬಂದಿದೆಯಾ ಅಜ್ಜಿ ಎಂದು ಗುಂಡ ಕೇಳಿದ. ನಾನೂ ನಕ್ಕೆ. ಆದರೆ ನಾನು ನಕ್ಕದ್ದು ಅವರನ್ನು ನೋಡಿ ಅಲ್ಲ. ಯಾರನ್ನು ನೆನೆಸಿಕೊಂಡು ನಕ್ಕೆ ಎಂದು ಚಿನ್ನು ಎರಡು ದಿನ ಬೆನ್ನು ಹತ್ತಿ ಕೇಳಿದಳು. ನನಗೆ ಎದುರಿಗೆ ಕುಳಿತು ಹೇಳಲು ಬರುವುದಿಲ್ಲ. ನಾಲ್ಕು ಮಾತು ಆಡುವಷ್ಟರಲ್ಲಿ ಸೆರಗು ಬಾಯಿಗೆ ಬರುತ್ತದೆ. ಹಳ್ಳಿ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲೇ ಹೇಳುತ್ತೇನೆ.

ನಡುಮನೆಯ ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇದೆ. ಹಣೆಯ ತುಂಬ ಕುಂಕುಮ ಇಟ್ಟುಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ಊರಿಗೆ ತೀರ್ಪು ಹೇಳುವವರ ಹಾಗೆ ಕುಳಿತವರು ನನ್ನ ನೆಗೆಣ್ಣಿ. ಎಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ. ನಾನು ನಕ್ಕದ್ದು ಅವರನ್ನು ನೆನೆಸಿಕೊಂಡು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ನಿಮ್ಮ ಅವ್ವ ನನಗೆ ಬುದ್ಧಿ ಹೇಳುತ್ತಾಳೆ. ನನಗೆ ಒಳ್ಳೆಯದು ನೆನಪಾದಾಗ ಅದನ್ನೂ ಬರೆಯುತ್ತೇನೆ.

ಕುಣಿತದಿಂದಲೇ ಶುರುಮಾಡಬೇಕು. ನಿಮ್ಮ ಅವ್ವ ಹುಟ್ಟಿದಾಗ ನಾನು ಸಿರುಗುಪ್ಪದ ತವರುಮನೆಯಲ್ಲಿದ್ದೆ. ಭತ್ತ ಕೊಯ್ದು ಖಾಲಿಯಾದ ಗದ್ದೆಯಲ್ಲಿ ಒಂದು ನಾಟಕದ ಕಂಪನಿ ಡೇರೆ ಹಾಕಿತ್ತು. ಬಾಣಂತಿ ಕೋಣೆಯಿಂದ ಹೊರಬಂದ ಮೇಲೆ ನನ್ನವ್ವ ಮಗುವನ್ನು ತಾನು ಎತ್ತಿಕೊಂಡು ನನ್ನನ್ನು ನಾಟಕಕ್ಕೆ ಕರೆದುಕೊಂಡು ಹೋದಳು. ನಾಟಕದ ಕಥೆ ಒಂದಿಷ್ಟೂ ನೆನಪಿಲ್ಲ. ಒಂದು ಅಂಕ ಮುಗಿದು ಇನ್ನೊಂದು ಶುರುವಾಗುವ ನಡುವೆ, ಪರದೆಯ ಹಿಂದೆ ಅರಮನೆ ಕಟ್ಟುವಷ್ಟು ಹೊತ್ತು ಜನ ಎದ್ದು ಹೋಗಬಾರದೆಂದು, ಒಬ್ಬ ಹುಡುಗಿಯನ್ನು ಕುಣಿಯಲು ಬಿಡುತ್ತಿದ್ದರು. ನನ್ನದೇ ವಯಸ್ಸು. ಸೊಂಟದ ಮೇಲೆ ತಾಮ್ರದ ಕೊಡ. ನೀರಿಗೆ ಹೋಗುವ ಹುಡುಗಿಯ ಕುಣಿತ ಅದು. ಎಡಗೈಯಲ್ಲಿ ಕೊಡದ ಕಂಠ ಬಳಸಿ, ಮಣಿಕಟ್ಟನ್ನು ಹೀಗೆ ಒಳಕ್ಕೆ ತಿರುಗಿಸಿ ಹಿಡಿಯುತ್ತಿದ್ದಳು. ನಾವೆಲ್ಲ ಹೊಳೆಯಿಂದ ನೀರು ತರುತ್ತಿದ್ದೆವು, ನಮ್ಮ ಕೈಯೂ ಹಾಗೇ ತಿರುಗುತ್ತಿತ್ತು. ಆದರೆ ನಮ್ಮ ಕೈಯನ್ನು ಯಾರು ನೋಡಿದ್ದರು? ನಮ್ಮ ದಿನದ ಕೆಲಸವನ್ನು ಅಷ್ಟು ಜನ ಉಸಿರು ಹಿಡಿದು ನೋಡುವ ಹಾಗೆ ಅವಳು ಮಾಡಿದ್ದಳು.

ನಾನು ಅವಳ ಹುಚ್ಚಿಗೆ ಬಿದ್ದೆ. ಈಗಿನ ನಿಮ್ಮ ಮಾತಿನಲ್ಲಿ ಫ್ಯಾನ್. ಕಂಪನಿಯವರು ಹಂಚಿದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲಿನಲ್ಲಿ ಅವಳ ಚಿತ್ರ ಇತ್ತು. ಅದನ್ನು ನನ್ನ ಟ್ರಂಕಿನ ಮುಚ್ಚಳದ ಒಳಗೆ ಗಂಜಿ ಹಚ್ಚಿ ಅಂಟಿಸಿಕೊಂಡೆ. ಗಂಡನ ಊರಾದ ಕುರುಗೋಡಿಗೆ ವಾಪಸು ಬಂದ ಮೇಲೆ, ಬಾವಿಯ ಹತ್ತಿರ ಯಾರೂ ಇಲ್ಲದಾಗ, ಕೊಡ ಸೊಂಟಕ್ಕಿಟ್ಟು ಎರಡು ಹೆಜ್ಜೆ ಹಾಕಿ ನೋಡುತ್ತಿದ್ದೆ. ಒಂದು ದಿನ ಅಕ್ಕಾರು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಅಂದಿನಿಂದ ಮನೆಯಲ್ಲಿ ನನ್ನ ಹೆಸರು ನಾಟಕದಾಕಿ ಎಂದಾಯಿತು. ರೊಟ್ಟಿ ಸುಟ್ಟು ಕರಕಾದರೆ, ನಾಟಕದಾಕಿ ರೊಟ್ಟಿ ಬಡಿದಾಳ, ಚಪ್ಪಾಳಿ ತಟ್ರಿ ಎನ್ನುತ್ತಿದ್ದರು. ನಿಮ್ಮ ಅಜ್ಜ ಅದನ್ನು ಕೇಳಿ ನಗುತ್ತಿದ್ದರು, ಆದರೆ ಕರಕಾದ ರೊಟ್ಟಿಯನ್ನು ತಾವೇ ತಿನ್ನುತ್ತಿದ್ದರು. ಅವರು ಬಹಳ ದಿನ ಇರಲಿಲ್ಲ. ನಿಮ್ಮ ಅವ್ವ ಇನ್ನೂ ಶಾಲೆಗೆ ಸೇರುವ ಮೊದಲೇ ವಿಷಮಜ್ವರ ಬಂದು ಹೋಗಿಬಿಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ಅಕ್ಕಾರಿಗೆ ಮೈಮೇಲೆ ದೇವಿ ಬರುತ್ತಿದ್ದಳು. ಮಂಗಳವಾರ, ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಕೂದಲು ಬಿಚ್ಚಿ ತೂಗಾಡಲು ಶುರುಮಾಡಿದರೆ ಮನೆಯವರೆಲ್ಲ ಕೈಮುಗಿದು ಕೂಡಬೇಕು. ಓಣಿಯವರೂ ಬರುತ್ತಿದ್ದರು. ಎತ್ತು ಮಾರಬೇಕೇ, ಮಗನನ್ನು ಯಾವ ಊರಿಗೆ ಕಳಿಸಬೇಕು, ಎಲ್ಲ ಅಲ್ಲಿಯೇ ತೀರ್ಮಾನ. ದೇವಿ ಬೇರೆಯವರಿಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಮಾತ್ರ ಅಕ್ಕಾರಿಗೆ ಬೇಕಾದದ್ದನ್ನೇ ಹೇಳುತ್ತಿದ್ದಳು. ಅಡಿಗೆಮನೆಯ ಬೀಗದ ಕೈ ಅತ್ತೆಯಿಂದ ಅಕ್ಕಾರಿಗೆ ಬಂದದ್ದು ದೇವಿಯ ಹೇಳಿಕೆಯಿಂದ. ಅತ್ತೆಯ ಕಿವಿಯ ವಾಲೆ ಅಕ್ಕಾರ ಕಿವಿಗೆ ಬಂದದ್ದೂ ಹಾಗೆಯೇ.

ನಿಮ್ಮ ಅಜ್ಜ ತೀರಿಕೊಂಡ ಮೇಲಿನ ಮೊದಲ ಶುಕ್ರವಾರ ಅಕ್ಕಾರು ತೂಗಾಡುತ್ತ ನನ್ನ ಕಡೆ ಬೆರಳು ಮಾಡಿದರು.

"ಈ ಮನಿಯಾಗ ಕುಣಿಯಾಕೀ ಮಾರಿ ಐತಿ. ಅದ ನಿನ್ನ ಗಂಡನ್ನ ತಿಂತು."

ಭಾವನವರು, ಎಂದರೆ ಅಕ್ಕಾರ ಗಂಡ, ನನ್ನ ಟ್ರಂಕು ತಂದು ನಡುಮನೆಯಲ್ಲಿ ಇಟ್ಟರು. ಚಿತ್ರ ಕೀಳಲು ಬರಲಿಲ್ಲ, ಗಂಜಿ ಗಟ್ಟಿಯಾಗಿ ಹಿಡಿದಿತ್ತು. ಅಕ್ಕಾರು ಒಲೆಯಿಂದ ಕೆಂಡ ತರಿಸಿ ಮುಚ್ಚಳಕ್ಕೇ ಹಿಡಿದರು. ಆ ಟ್ರಂಕನ್ನು ನೀವು ನೋಡಿದ್ದೀರಿ, ಒಳಗೆ ಕಪ್ಪು ಕಲೆ ಯಾಕೆ ಎಂದು ಕೇಳಿದ್ದೀರಿ. ತುಕ್ಕು ಎಂದು ಹೇಳಿದ್ದೆ. ತುಕ್ಕಲ್ಲ.

ಇನ್ನೂ ಒಂದು ಇದೆ. ಮರುವರ್ಷ ಸಿರುಗುಪ್ಪದಲ್ಲಿ ನನ್ನ ತಂಗಿಯ ಕುಬಸ. ಚೊಚ್ಚಲ ಬಸುರಿಗೆ ಹೆಂಗಸರೆಲ್ಲ ಸೇರಿ ಉಡಿ ತುಂಬುವ ದಿನ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನಕೊಂಬು, ಕುಬಸದ ಕಣ, ಎಂದರೆ ರವಿಕೆಯ ಬಟ್ಟೆ, ಇಟ್ಟ ತಟ್ಟೆಯನ್ನು ನನ್ನ ತವರುಮನೆಯಲ್ಲಿ, ನನ್ನ ಅವ್ವನ ಎದುರಿಗೆ, ನನ್ನ ತಂಗಿಗೆ ಕೊಡಲೆಂದು ನಾನು ಎತ್ತಿಕೊಂಡೆ. ಉಡಿ ತುಂಬಲು ಅಲ್ಲ, ಬರೀ ಒಳಗಿನಿಂದ ತಂದು ಇಡಲು. ಬೀಗರ ಕಡೆಯಿಂದ ಬಂದಿದ್ದ ಅಕ್ಕಾರು ಎದ್ದು ಬಂದು ನನ್ನ ಕೈಯಿಂದ ತಟ್ಟೆ ಕಸಿದುಕೊಂಡರು. "ಬಿಡು. ನಿನ್ನ ಕೈ ಹಚ್ಚಬ್ಯಾಡ" ಎಂದರು, ದೊಡ್ಡ ದನಿಯಲ್ಲೂ ಅಲ್ಲ, ಎಲ್ಲರಿಗೂ ಕೇಳುವಷ್ಟು. ಅಕ್ಕಿಕಾಳು ನಾಲ್ಕು ನೆಲಕ್ಕೆ ಬಿದ್ದವು. ಅವನ್ನು ಆರಿಸುವ ನೆಪದಲ್ಲಿ ನಾನು ತಲೆ ತಗ್ಗಿಸಿ ಕುಳಿತೆ. ಕೊನೆಯ ಕಾಳು ಸಿಕ್ಕ ಮೇಲೂ ಆರಿಸುತ್ತಲೇ ಇದ್ದೆ. ಆಗಲೇ ನನ್ನೊಳಗೆ ಏನೋ ಒಂದು ಕೂತಿತು. ಕೋಪ ಎಂದರೆ ಸಣ್ಣ ಮಾತಾಗುತ್ತದೆ. ಕೋಪ ಬಂದು ಹೋಗುತ್ತದೆ. ಇದು ಬಂದು ಚಾಪೆ ಹಾಸಿಕೊಂಡಿತು.

ಆ ಕುಣಿಯುವವಳ ಚಿತ್ರ ಸುಟ್ಟರೇ ಹೊರತು ಅವಳ ಸುದ್ದಿ ನಿಲ್ಲಲಿಲ್ಲ. ನಿಮ್ಮ ಅವ್ವನ ಶಾಲೆಯ ಅಕ್ಕೋರು, ಎಂದರೆ ಟೀಚರಮ್ಮ, ನನಗೆ ಹಳೆಯ ಮಾಸಪತ್ರಿಕೆಗಳನ್ನು ಓದಲು ಕೊಡುತ್ತಿದ್ದರು. ಒಂದರಲ್ಲಿ ಅವಳ ವಿಷಯ ಇತ್ತು. ಅವಳು ಕಂಪನಿ ಬಿಟ್ಟು ಬೊಂಬಾಯಿಗೆ ಹೋಗಿ ಹೊಸ ಥರದ ಕುಣಿತ ಕಲಿತಿದ್ದಳಂತೆ. ಅದರಲ್ಲಿ ಹಾಡು ಇಲ್ಲ, ಕಥೆ ಇಲ್ಲ, ರಾಜ ರಾಣಿ ಇಲ್ಲ. ಕಲ್ಲನ್ನು ಕುಣಿಯುತ್ತಾಳಂತೆ, ಗೋಡೆಯನ್ನು ಕುಣಿಯುತ್ತಾಳಂತೆ. ಕೂದಲು ಬಿಚ್ಚಿ, ಗೋಣಿಯಂಥ ಬಟ್ಟೆ ಉಟ್ಟು ನೆಲದ ಮೇಲೆ ಉರುಳುತ್ತಾಳಂತೆ. ಗೋಡೆಯನ್ನು ಕುಣಿಯುವುದು ಎಂದರೆ ಏನೆಂದು ನನಗೆ ತಿಳಿಯಲಿಲ್ಲ. ಆದರೂ ಬಾಯಿಪಾಠ ಆಗುವಷ್ಟು ಸಲ ಓದಿದೆ. ಅವಳು ಮಾಡಿದ್ದಾಳೆ ಎಂದಮೇಲೆ ಅದರಲ್ಲಿ ಏನೋ ಇರಲೇಬೇಕು ಎಂದುಕೊಂಡೆ.

ನಿಮ್ಮ ಅವ್ವ ಐದನೆಯ ತರಗತಿಗೆ ಬಂದಳು. ಮುಂದೆ ಬಳ್ಳಾರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ಕಳಿಸಿ, ಇವಳು ಓದುವ ಹುಡುಗಿ ಎಂದು ಅಕ್ಕೋರು ಮನೆಗೇ ಬಂದು ಹೇಳಿದರು. ಭಾವನವರು ನೋಡೋಣ ಎಂದರು. ಅಕ್ಕಾರು ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದುದಕ್ಕೇ ನನಗೆ ಹೆದರಿಕೆಯಾಯಿತು. ಬಂತು ಶುಕ್ರವಾರ.

"ಹುಡುಗೀನ ಮೋಕದ ಮನಿಗಿ ಕೊಡ್ರಿ. ಸಾಲಿಗಿ ಕಳಿಸಿದ್ರ ಅಪ್ಪನ ದಾರಿ ಹಿಡೀತಾಳ."

ಮೋಕದ ಮನೆ ಎಂದರೆ ಅಕ್ಕಾರ ತವರು. ಹೆಂಡತಿ ಸತ್ತು ಕುಳಿತಿದ್ದ ಅವರ ತಮ್ಮ ಅಲ್ಲಿದ್ದ. ಅವನಿಗೆ ನನಗಿಂತಲೂ ಹೆಚ್ಚು ವಯಸ್ಸು. ಎಂದರೆ ನನ್ನ ಮಗಳಿಗೆ ಗಂಡನಾಗುವವನು ನನಗೆ ಅಣ್ಣನ ಹಾಗಿದ್ದ. ನನಗೆ ಇರುವುದು ಅವಳೊಬ್ಬಳೇ. ನಿಮ್ಮ ಅಜ್ಜನ ಪಾಲಿನ ಎರೆಹೊಲವೆಲ್ಲ ಅವಳ ಹಿಂದೆ ಹೋಗುತ್ತದೆ ಎಂಬುದು ದೇವಿಗೂ ಗೊತ್ತಿತ್ತು, ಅಕ್ಕಾರಿಗೂ ಗೊತ್ತಿತ್ತು. ಈಗ ಮಾತು ಮುಗಿಸುವುದು, ಹುಡುಗಿ ದೊಡ್ಡವಳಾದ ಮೇಲೆ ಲಗ್ನ ಎಂದು ತೀರ್ಮಾನವಾಯಿತು. ನಾನು ಭಾವನವರ ಮುಂದೆ ನಿಂತು ಬ್ಯಾಡ್ರಿ ಎಂದು ಹೇಳಬೇಕೆಂದು ಮೂರು ಸಲ ಹೋದೆ. ಮೂರು ಸಲವೂ ನೀರಿನ ತಂಬಿಗೆ ಇಟ್ಟು ಬಂದೆ. ದೇವಿಯ ಮಾತಿಗೆ ಎದುರು ಮಾತಾಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮಾತು ಮುಗಿಸುವ ದಿನಕ್ಕೆ ಸೀರೆ ತರಲೆಂದು ಒಂದು ಭಾನುವಾರ ನಾವು ಬಳ್ಳಾರಿಗೆ ಹೋದೆವು. ಭಾವನವರು, ಅಕ್ಕಾರು, ನಿಮ್ಮ ಅವ್ವ, ನಾನು. ಆಗ ನಾವಿನ್ನೂ ಮದರಾಸಿನ ಕೆಳಗಿದ್ದೆವು, ಬಳ್ಳಾರಿಯ ಅಂಗಡಿ ಬೋರ್ಡುಗಳಲ್ಲಿ ತೆಲುಗೂ ಕನ್ನಡವೂ ತಮಿಳೂ ಇರುತ್ತಿದ್ದವು. ಬಸ್ಸು ಊರೊಳಗೆ ತಿರುಗುವಾಗ ಒಂದು ಗೋಡೆಯ ಮೇಲೆ ದೊಡ್ಡ ಕಾಗದ ಅಂಟಿಸಿದ್ದು ನೋಡಿದೆ. ಅವಳ ಮುಖ. ಕೂದಲು ಬಿಚ್ಚಿತ್ತು, ಕೆನ್ನೆ ಇಳಿದಿತ್ತು, ಆದರೆ ಅವಳೇ. ಬಸ್ಸು ನಿಲ್ಲಿಸಿ ಎನ್ನಲೂ ಆಗಲಿಲ್ಲ, ಇಳಿದ ಮೇಲೆ ಯಾರನ್ನು ಏನೆಂದು ಕೇಳಲಿ? ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸೀರೆ ಅಂಗಡಿಗೆ ನಡೆದೆ.

ಅಂಗಡಿಯವನು ಆ ಕುಣಿತದವರಿಗೆ ಬಟ್ಟೆ ಕೊಟ್ಟವನಂತೆ. ಅವನ ಹತ್ತಿರ ಮಧ್ಯಾಹ್ನದ ಆಟದ ಪಾಸುಗಳು ಉಳಿದಿದ್ದವು. ಸೀರೆಯ ಜೊತೆಗೆ ನಾಲ್ಕು ಪಾಸು ಕೈಗಿಟ್ಟ. ಬಿಟ್ಟಿ ಬಂದದ್ದನ್ನು ಅಕ್ಕಾರು ಬಿಟ್ಟವರಲ್ಲ. ಅಲ್ಲದೆ ದುರ್ಗಮ್ಮನ ಗುಡಿಯಲ್ಲಿ ಉಡಿ ತುಂಬಬೇಕೆಂದು ಅವರು ತೆಂಗಿನಕಾಯಿ, ಅಕ್ಕಿ, ಕಣ ಎಲ್ಲ ಚೀಲದಲ್ಲಿ ತಂದಿದ್ದರು, ಗುಡಿಯ ಬಾಗಿಲು ಸಂಜೆಗೆ ತೆರೆಯುವುದಿತ್ತು. ಅಲ್ಲಿಯವರೆಗೆ ಬಿಸಿಲಲ್ಲಿ ಕೂಡುವ ಬದಲು ನೆರಳಲ್ಲಿ ಕೂಡೋಣ ಎಂದರು. ಯಾವ ಕುಣಿತ, ಯಾರ ಕುಣಿತ ಎಂದು ಅವರು ಕೇಳಲೂ ಇಲ್ಲ. ತಾವು ಸುಟ್ಟ ಮುಖವನ್ನು ನೋಡಲು ತಾವೇ ಮುಂದಾಗಿ ಹೊರಟಿದ್ದಾರೆ ಎಂದು ನನಗೆ ಮಾತ್ರ ಗೊತ್ತಿತ್ತು.

ಅದು ಸಿನೆಮಾ ತೋರಿಸುವ ಥಿಯೇಟರು. ಹೆಂಗಸರಿಗೆ ಎಡಗಡೆಯ ಬೆಂಚುಗಳು, ಗಂಡಸರಿಗೆ ಬಲಗಡೆ. ನಮಗೆ ಮುಂದಿನ ಸಾಲು ಸಿಕ್ಕಿತು. ಭಾವನವರಿಗೆ ಆ ಕಡೆ ನಮ್ಮೂರಿನ ಹತ್ತಿ ವ್ಯಾಪಾರದವರೇ ಜೊತೆಯಾದರು. ನಿಮ್ಮ ಅವ್ವನ ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ಪೊಟ್ಟಣ. ಅಕ್ಕಾರ ತೊಡೆಯ ಮೇಲೆ ಉಡಿಯ ಚೀಲ.

ಪರದೆ ಸರಿಯಿತು. ಹಿಂದೆ ಅರಮನೆ ಇಲ್ಲ, ಕಾಡು ಇಲ್ಲ, ಬರೀ ಕಪ್ಪು ಬಟ್ಟೆ. ಹಾರ್ಮೋನಿಯಂ ಇಲ್ಲ. ಮೂಲೆಯಲ್ಲಿ ಒಬ್ಬ ಗಂಡಸು ಕುಳಿತು ಮರದ ಹಲಗೆಯ ಮೇಲೆ ಮರಳು ಸುರಿದು ಕೈಯಿಂದ ಉಜ್ಜುತ್ತಿದ್ದ, ಬೀಸುಕಲ್ಲಿನ ಥರ ಸದ್ದು ಬರುತ್ತಿತ್ತು. ಮುಖಕ್ಕೆ ಬಿದಿರಿನ ಬುಟ್ಟಿ ಮುಚ್ಚಿಕೊಂಡ ಗಂಡಸರು ಒಬ್ಬರ ಹಿಂದೆ ಒಬ್ಬರು ಬಂದರು, ಕುಳಿತರು, ಎದ್ದರು, ಹೋದರು. ಒಬ್ಬ ತಲೆಯ ಮೇಲೆ ಕುರ್ಚಿ ಹೊತ್ತು ಬಂದು, ಅದನ್ನು ಇಳಿಸಿ, ಅದರ ಮೇಲೆ ಕೂಡದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಗಂಡಸರ ಕಡೆಯಿಂದ ಯಾರೋ, ಕುರ್ಚಿ ಖಾಲಿ ಐತಿ, ನಾ ಬರ್ಲೇನು ಎಂದು ಕೂಗಿದರು. ಇನ್ನೊಬ್ಬರು ಒಂದ ಪದಾನರ ಹಾಡ್ರಿ ಎಂದರು. ನನ್ನ ಹಿಂದೆ ಕುಳಿತಿದ್ದ ತೆಲುಗಿನ ಮುದುಕಿ ತನ್ನ ಸೊಸೆಗೆ, ಇನ್ನೂ ಸಾಮಾನು ಸಾಗಿಸುತ್ತಿದ್ದಾರೆ, ಆಟ ಶುರುವಾದಾಗ ಎಬ್ಬಿಸು ಎಂದು ಹೇಳಿ ಕಣ್ಣು ಮುಚ್ಚಿದಳು.

ಆಮೇಲೆ ಅವಳು ಬಂದಳು. ಬಂದು ನಮಗೆ ಬೆನ್ನು ಮಾಡಿ ಕುಳಿತಳು. ಹಾಗೆ ಕುಳಿತವಳು ಕುಳಿತೇ ಇದ್ದಳು. ಮರಳಿನ ಸದ್ದು ಮಾತ್ರ. ನಾನು ಅಷ್ಟು ವರ್ಷ ಕಾದದ್ದು ಒಂದು ಬೆನ್ನು ನೋಡಲಿಕ್ಕೇನು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ನಾಚಿಕೆಯಾಯಿತು, ನನಗಾಗಿ ಅಲ್ಲ, ಅವಳಿಗಾಗಿ. ಜನ ನಗುತ್ತಿದ್ದಾರಲ್ಲ, ಏನಾದರೂ ಮಾಡೇ, ಆ ಕೊಡವನ್ನಾದರೂ ತಾರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಒಮ್ಮೆಲೇ ಎದ್ದಳು. ಗೋಣಿ ಬಣ್ಣದ ಸೀರೆ, ಬಿಚ್ಚಿದ ಕೂದಲು. ತಲೆ ಗಿರ್ರನೆ ತಿರುಗಿಸಿದಳು, ಬಿದ್ದಳು, ಹಲಗೆಯ ಈ ತುದಿಯಿಂದ ಆ ತುದಿಗೆ ಹೊರಳಿದಳು, ಎದ್ದು ಕಾಣದ ಗೋಡೆಯೊಂದಕ್ಕೆ ಅಂಗೈ ಬಡಿದಳು. ಅವಳ ಉಸಿರು ನಮ್ಮ ಬೆಂಚಿನವರೆಗೆ ಕೇಳುತ್ತಿತ್ತು. ಜನರ ನಗು ನಿಂತಿತು. ನನಗೆ ಅದರ ಅರ್ಥ ಆಗಲೂ ಆಗಲಿಲ್ಲ, ಈಗಲೂ ಹೇಳು ಎಂದರೆ ಬರುವುದಿಲ್ಲ. ಆದರೆ ಅವಳು ಗೋಡೆಯಿಂದ ಹಿಂದೆ ಸರಿದಾಗ ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು. ಮಣಿಕಟ್ಟು ಒಳಕ್ಕೆ ತಿರುಗಿತು. ಕೊಡ ಇರಲಿಲ್ಲ. ಕೊಡ ಇರಬೇಕಾದ ಜಾಗವನ್ನು ಬಳಸಿ ಹಿಡಿದುಕೊಂಡು ನಿಂತಳು. ಅಷ್ಟು ಜನರಲ್ಲಿ ಆ ಕೈಯ ಗುರುತು ಹಿಡಿದವಳು ನಾನೊಬ್ಬಳೇ ಇರಬೇಕು.

ಆಗ ಅಕ್ಕಾರು ನನ್ನ ತೋಳು ಹಿಡಿದರು. ಮುಖ ನೋಡಿದೆ, ಬಿಳಿಚಿಕೊಂಡಿತ್ತು. ಅವರದು ನಾಟಕವೋ ನಿಜವೋ ಎಂದು ನಾನು ಎಷ್ಟೋ ಮಂಗಳವಾರ ಯೋಚಿಸಿದ್ದೆ. ಆವತ್ತು ತಿಳಿಯಿತು. ತಾವು ಮಾಡುತ್ತಿದ್ದುದು ಏನೇ ಇರಲಿ, ಇನ್ನೊಬ್ಬಳ ಮೈಮೇಲೆ ನಿಜವಾಗಿ ಬಂದಿದೆ ಎಂದುಕೊಂಡು ಅವರು ಹೆದರಿದ್ದರು.

"ಲೇ, ಇದು ಕುಣಿತ ಅಲ್ಲ" ಎಂದರು ಪಿಸುದನಿಯಲ್ಲಿ. "ಏನಿದು?"

ನಾನು ಓದಿದ್ದೆ. ಕೂದಲು ಬಿಚ್ಚುತ್ತಾಳೆ, ಉರುಳುತ್ತಾಳೆ, ಹಾಡಿಲ್ಲದೆ ಕುಣಿಯುತ್ತಾಳೆ ಎಂದು ನನಗೆ ಬಾಯಿಪಾಠ ಇತ್ತು. ಇದೇ ಕುಣಿತ ಅಕ್ಕಾರ, ಸುಮ್ಮನೆ ಕೂಡ್ರಿ ಎಂದು ಹೇಳಿದ್ದರೆ ಆಟ ಮುಗಿಯುತ್ತಿತ್ತು, ನಾನು ಅವಳನ್ನು ಕಣ್ತುಂಬ ನೋಡುತ್ತಿದ್ದೆ, ಬರುವ ಶುಕ್ರವಾರ ನನ್ನ ಮಗಳ ಮಾತು ಮುಗಿಯುತ್ತಿತ್ತು. ಎಲ್ಲ ಒಂದೇ ಉಸಿರಿನಲ್ಲಿ ಕಣ್ಣ ಮುಂದೆ ಬಂತು. ಟ್ರಂಕಿನ ಮುಚ್ಚಳ, ನೆಲದ ಮೇಲಿನ ಅಕ್ಕಿಕಾಳು, ಮಂಡಕ್ಕಿ ತಿನ್ನುತ್ತಿದ್ದ ನಿಮ್ಮ ಅವ್ವ. ಆಗ ನನ್ನ ಬಾಯಿಂದ, ಎಂದೂ ಬಾರದ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಅಮ್ಮ ಬಂದಾಳ್ರಿ ಅಕ್ಕಾರ. ಉಡಿ ಕೈಯಾಗ ಇಟ್ಕೊಂಡು ಸುಮ್ಮನ ಕುಂದ್ರಬಾರದು. ನಾ ಕೈ ಹಚ್ಚಂಗಿಲ್ಲಲ್ಲ. ಮುತ್ತೈದಿ ನೀವು, ನೀವ ಹೋಗ್ರಿ."

ಅವರು ಹೋದರು. ಚೀಲ ಎದೆಗೆ ಅವುಚಿಕೊಂಡು ಪಕ್ಕದ ಮೆಟ್ಟಿಲು ಹತ್ತಿ ಸೀದಾ ವೇದಿಕೆಯ ಮೇಲೆ. ಬುಟ್ಟಿ ಮುಖದವನೊಬ್ಬ ತಡೆಯಲು ಬಂದ. ಬುಟ್ಟಿಯೊಳಗಿಂದ ದಾರಿ ಕಾಣದೆ ಕುರ್ಚಿಗೆ ಎಡವಿ ಕುಳಿತ. ಅಕ್ಕಾರು ಅವಳ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಎದ್ದು ಕೈಜೋಡಿಸಿ, ಮಂಗಳವಾರ ಶುಕ್ರವಾರ ಇಡೀ ಓಣಿಗೆ ಕೇಳುತ್ತಿದ್ದ ಅದೇ ದನಿಯಲ್ಲಿ ಬೇಡಿಕೊಂಡರು.

"ತಾಯಿ, ಹುಡುಗೀನ ನನ್ನ ತಮ್ಮಗ ಕೊಡಂತ ನಾನ ನಿನ್ನ ಹೆಸರೀಲೆ ಹೇಳೀನಿ. ತಪ್ಪಾಗಿದ್ರ ಹೊಟ್ಟಿಗೆ ಹಾಕೊ. ಮುನಿಬ್ಯಾಡ."

ನಾನು ಇಷ್ಟನ್ನು ಬೇಡಿರಲಿಲ್ಲ. ಅವರು ಅಡ್ಡಬಿದ್ದರೆ ಸಾಕು, ಜನ ನಕ್ಕರೆ ಸಾಕು ಎಂದುಕೊಂಡಿದ್ದೆ. ತಾವಾಗಿ ಎಲ್ಲವನ್ನೂ ಒಪ್ಪಿಕೊಂಡರು, ಭಾವನವರ ಮುಂದೆ, ನಮ್ಮೂರಿನ ಹತ್ತಿಯವರ ಮುಂದೆ. ಥಿಯೇಟರಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಇದೂ ಕುಣಿತದ ಭಾಗ ಎಂದುಕೊಂಡಿದ್ದರೋ ಏನೋ. ಹಿಂದಿನ ತೆಲುಗು ಮುದುಕಿ ಎದ್ದು ಕುಳಿತು, ಈಗ ಶುರುವಾಯಿತು ನೋಡು ಎಂದಳು.

ಅವಳು ಏನು ಮಾಡುತ್ತಾಳೋ ಎಂದು ನನ್ನ ಜೀವ ಕೈಗೆ ಬಂದಿತ್ತು. ಬೈದಿದ್ದರೆ, ಪರದೆ ಎಳೆಸಿದ್ದರೆ ಅದು ನ್ಯಾಯವೇ. ಅವಳು ಎರಡೂ ಮಾಡಲಿಲ್ಲ. ಎಷ್ಟಾದರೂ ನಮ್ಮ ಕಡೆಯ ಕಂಪನಿಯಲ್ಲಿ ಬೆಳೆದವಳು. ಸೆರಗು ಬಿಡಿಸಿ ಉಡಿ ಒಡ್ಡಿದಳು. ಅಕ್ಕಾರು ಕಣ, ಅಕ್ಕಿ, ತೆಂಗಿನಕಾಯಿ ಹಾಕಿದರು. ಅವಳು ಅದನ್ನು ಸೊಂಟಕ್ಕೆ ಕಟ್ಟಿಕೊಂಡಳು. ಆಮೇಲೆ, ಉಡಿ ತುಂಬಿದ ಹಿರಿಯಳಿಗೆ ನಮ್ಮ ಯಾವ ಹೆಣ್ಣುಮಗಳಾದರೂ ಮಾಡುವ ಹಾಗೆ, ಬಗ್ಗಿ ಅಕ್ಕಾರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

"ನಾ ದೇವ್ರಲ್ಲರಿ ಅವ್ವಾ, ಕುಣಿಯಾಕಿ. ಉಡಿ ತುಂಬಿದ್ರಿ, ಆಶೀರ್ವಾದ ಮಾಡ್ರಿ."

ದೇವಿ ಯಾರ ಕಾಲನ್ನೂ ಮುಟ್ಟುವುದಿಲ್ಲ ಎಂಬುದು ಅಲ್ಲಿ ಮಂಡಕ್ಕಿ ಮಾರುವವನಿಗೂ ಗೊತ್ತಿತ್ತು. ಆಮೇಲೆ ಗಂಡಸರ ಕಡೆಯಿಂದ ಎದ್ದ ನಗು ಹೆಂಗಸರ ಬೆಂಚಿನ ಮೇಲೆ ಉಕ್ಕಿ ಬಂತು. ಅಕ್ಕಾರು ಆಶೀರ್ವಾದ ಮಾಡಲೆಂದು ಎತ್ತಿದ ಕೈ ಹಾಗೇ ನಿಂತಿತ್ತು. ಕೆಳಗೆ ಇಳಿಯಲು ಮೆಟ್ಟಿಲು ಎಲ್ಲಿದೆ ಎಂದು ತಿಳಿಯದೆ ಆ ಕಡೆ ಈ ಕಡೆ ನೋಡಿದರು. ನಾನು ಎದ್ದು ಹೋಗಿ ಕೈ ಹಿಡಿದು ಇಳಿಸಬಹುದಿತ್ತು. ಹೋಗಲಿಲ್ಲ. ಅಕ್ಕಿಕಾಳು ಆರಿಸುತ್ತಿದ್ದ ನನ್ನ ಹತ್ತಿರ ಅವರು ಎಷ್ಟು ಹೊತ್ತು ನಿಂತು ನೋಡಿದ್ದರೋ ಅಷ್ಟು ಹೊತ್ತು ನಾನೂ ಕುಳಿತು ನೋಡಿದೆ.

ಅವರು ಬಂದು ಮುಖದ ಮೇಲೆ ಸೆರಗು ಎಳೆದುಕೊಂಡು ಕುಳಿತ ಮೇಲೆ ಅವಳು ಬಿಟ್ಟ ಕಡೆಯಿಂದ ಕುಣಿತ ಹಿಡಿದಳು. ಈಗ ಸೊಂಟದಲ್ಲಿ ಉಡಿಯ ಗಂಟು ಇತ್ತು, ತೆಂಗಿನಕಾಯಿಯ ಭಾರ ಇತ್ತು. ಎಡಗೈ ಅದನ್ನು ಬಳಸಿತು, ಮಣಿಕಟ್ಟು ಒಳಕ್ಕೆ ತಿರುಗಿತು. ಹಾಗೆ ಹಿಡಿದುಕೊಂಡೇ ಕೊನೆಯವರೆಗೂ ಕುಣಿದಳು. ಅದು ಗೋಡೆಯೋ, ಕಲ್ಲೋ, ನನಗೆ ಗೊತ್ತಾಗಲಿಲ್ಲ. ಸಿರುಗುಪ್ಪದ ಗದ್ದೆಯಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು. ಎಲ್ಲರೂ ಇನ್ನೂ ನಗುತ್ತಲೇ ಇದ್ದರು, ನಾನು ನೋಡುತ್ತಿದ್ದೆ. ಮುಗಿದ ಮೇಲೆ ಹತ್ತಿರ ಹೋಗಿ ಮಾತಾಡಿಸಲಿಲ್ಲ. ಏನೆಂದು ಕರೆಯಲಿ? ಅವಳ ಕುಣಿತದ ನಡುವೆ ಆ ಹೆಂಗಸನ್ನು ಹತ್ತಿಸಿದವಳು ನಾನು ಎಂದು ಹೇಳಲೇ?

ಸಂಜೆ ಗುಡಿಗೆ ಹೋಗಲಿಲ್ಲ, ಉಡಿ ಖಾಲಿಯಾಗಿತ್ತಲ್ಲ. ಬಸ್ಸಿನಲ್ಲಿ ಭಾವನವರು ಬೇರೆ ಸೀಟಿನಲ್ಲಿ, ನಮ್ಮ ಕಡೆ ಬೆನ್ನು ಮಾಡಿ ಕುಳಿತರು. ಹತ್ತಿಯವರು ಹಿಂದೆ ಕುಳಿತು ಕಿಸಿಕಿಸಿ ನಗುತ್ತಿದ್ದರು. ನಿಮ್ಮ ಅವ್ವ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅರ್ಧ ದಾರಿ ಮುಗಿದ ಮೇಲೆ ಅಕ್ಕಾರು ಸೆರಗು ಸರಿಸದೆ ಅಂದರು.

"ನಿನಗ ಗೊತ್ತಿತ್ತು."

ಇಲ್ಲರಿ ಎನ್ನಬಹುದಿತ್ತು. ಇಷ್ಟು ವರ್ಷ ಆ ಮನೆಯಲ್ಲಿ ಅದೊಂದೇ ಮಾತಿನ ಮೇಲೆ ಬದುಕಿದ್ದೆ.

"ಹೌದ್ರಿ" ಎಂದೆ. "ನೀವು ಸುಟ್ರಲ್ಲ, ಆಕೀನ ಆಕಿ."

ಅವರು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. ಎರಡು ದಿನ ಬಿಟ್ಟು ಮಂಗಳವಾರ. ದೀಪ ಹಚ್ಚಿದ ಮೇಲೆ ಅಕ್ಕಾರು ದೇವರ ಜಗಲಿಯ ಮುಂದೆ ಕುಳಿತರು, ಕೂದಲಿಗೆ ಕೈ ಹಾಕಿದರು. ತೂಗಾಟ ಶುರುವಾಯಿತು. ಓಣಿಯಿಂದ ಯಾರೂ ಬಂದಿರಲಿಲ್ಲ. ಭಾವನವರು ಕಂಬಕ್ಕೆ ಒರಗಿ ಎತ್ತಿನ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಇವತ್ತ ಟಿಕೀಟು ಎಷ್ಟು?"

ಮಾತು ಬಿದ್ದುಹೋಗಿದ್ದ ನಮ್ಮ ಅತ್ತೆ, ವಾಲೆ ಇಲ್ಲದ ಕಿವಿಯ ಅತ್ತೆ, ಕೆಮ್ಮು ಬರುವವರೆಗೂ ನಕ್ಕರು. ತೂಗಾಟ ನಿಂತಿತು. ಆಮೇಲೆ ದೇವಿ ನಮ್ಮ ಮನೆಗೆ ಬರಲೇ ಇಲ್ಲ. ಬಹಳ ದಿನ ಓಣಿಯ ಮಕ್ಕಳು ಗೋಣಿಚೀಲ ಹೊದ್ದುಕೊಂಡು ಉರುಳಿ, ಒಬ್ಬರಿಗೊಬ್ಬರು ಉಡಿ ತುಂಬಿ ಕಾಲು ಮುಟ್ಟುವ ಆಟ ಆಡುತ್ತಿದ್ದರು. ಅಕ್ಕಾರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ತೆರೆಯುತ್ತಿದ್ದೆ.

ಮೋಕದವರಿಗೆ ಇಲ್ಲ ಎಂದು ಭಾವನವರೇ ಹೇಳಿ ಕಳಿಸಿದರು. ಮಾತು ಮುಗಿಸಲು ತಂದಿದ್ದ ಸೀರೆಯನ್ನು ಅತ್ತೆ ಉಟ್ಟುಕೊಂಡರು. ಜೂನಿನಲ್ಲಿ ನಿಮ್ಮ ಅವ್ವ ಅದೇ ಟ್ರಂಕು ಹಿಡಿದು ಬಳ್ಳಾರಿಯ ಹಾಸ್ಟೆಲ್ಲಿಗೆ ಹೋದಳು. ಮುಂದಿನದು ನಿಮಗೆ ಗೊತ್ತು. ನೀವು ಇದ್ದೀರಿ.

ಒಳ್ಳೆಯದು ನೆನಪಾದರೆ ಬರೆಯುತ್ತೇನೆ ಎಂದಿದ್ದೆ. ನೆನಪಾಗಲಿಲ್ಲ. ಕೆಲವು ವರ್ಷ ಕಳೆದು ಭಾವನವರೂ ಹೋದರು. ಅಕ್ಕಾರ ಹಣೆಯೂ ನನ್ನ ಹಾಗಾಯಿತು. ನಿಮ್ಮ ಅವ್ವನ ಕುಬಸದ ದಿನ, ಹೊಟ್ಟೆಯಲ್ಲಿ ಗುಂಡ ಇದ್ದಾಗ, ನಾನು ಉಡಿಯ ತಟ್ಟೆಯನ್ನು ಒಳಗಿನಿಂದ ತಂದು ಹೆಂಗಸರ ನಡುವೆ ಕುಳಿತಿದ್ದ ಅಕ್ಕಾರ ಮುಂದೆ ಇಟ್ಟೆ. ಹಿರಿಯರು ನೀವೇ ಶುರುಮಾಡಿ ಎಂದೆ. ಅವರ ಹಾಗೆ ನಾನು ಕಸಿದುಕೊಳ್ಳಲಿಲ್ಲ, ಬಿಡು ಎನ್ನಲಿಲ್ಲ. ಇಟ್ಟು ಮುಖ ನೋಡಿದೆ. ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆಗ ನಾನೇ ತಟ್ಟೆ ಎತ್ತಿಕೊಂಡು ನನ್ನ ಮಗಳಿಗೆ ಉಡಿ ತುಂಬಿದೆ.

ಈ ಹಾಳೆಗಳನ್ನು ನಿಮ್ಮ ಅವ್ವ ಓದಿದರೆ, ಅಕ್ಕಾರ ಮಕ್ಕಳಿಗೆ ನೋವಾಗುತ್ತದೆ ಎಂದು ಒಲೆಗೆ ಹಾಕಲು ನೋಡುತ್ತಾಳೆ. ನನ್ನದೆಂದು ಇಟ್ಟುಕೊಂಡ ಕಾಗದವನ್ನು ಒಮ್ಮೆ ಬೆಂಕಿ ತಿಂದಿದೆ, ಇನ್ನೊಮ್ಮೆ ಬೇಡ. ಗುಂಡಾ, ಚಿನ್ನೂ, ಇವನ್ನು ಆ ಟ್ರಂಕಿನ ಮುಚ್ಚಳದಲ್ಲಿ, ಕಪ್ಪು ಕಲೆಯ ಮೇಲೆಯೇ, ಬಟ್ಟೆಯಲ್ಲಿ ಸುತ್ತಿ ಇಡಿ. ಜೋಪಾನ.